ಶಾರ್ಕ್‌ಗಳ ಅಧ್ಯಯನವನ್ನೇ ಜೀವನದ ವೃತ್ತಿಯಾಗಿ ಮಾಡಿಕೊಳ್ಳಲು ಸಾಧ್ಯವೇ?

ಪ್ರಶ್ನೆ: ಮಂಜೇಶ್ವರದ ಒಬ್ಬ ತಾಯಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈಗ ಪ್ಲಸ್ ಟು ವಿಜ್ಞಾನ ವಿಭಾಗದಲ್ಲಿದ್ದಾಳೆ. ಕಳೆದ ವರ್ಷ ಟ್ರಾಲಿಂಗ್ ನಿಷೇಧ ಮುಗಿದ ಕೆಲವು ವಾರಗಳಿಗೆ ನಾವು ಮೀನು ತರಲು ಬಂದರಿಗೆ ಹೋಗಿದ್ದಾಗ, ಅಲ್ಲಿ ಮೀನು ಕೊಯ್ಯುತ್ತಿದ್ದ ಹೆಂಗಸೊಬ್ಬರು ಮೊಳದುದ್ದದ ತಾಟೆಯ, ಅಂದರೆ ಶಾರ್ಕಿನ, ಹೊಟ್ಟೆಯನ್ನು ಸೀಳಿದರು. ಒಳಗೆ ಬೆರಳುದ್ದದ ಮರಿಗಳಿದ್ದವು. ಒಂದೊಂದಕ್ಕೂ ನೂಲಿನಂತಹ ಹೊಕ್ಕುಳಬಳ್ಳಿ ಇತ್ತು. ಮೀನಿಗೂ ಹೊಕ್ಕುಳಬಳ್ಳಿ ಇರುತ್ತದೆಯೇ ಎಂದು ಅಂದು ಕೇಳಿದವಳು ಇಂದಿಗೂ ಅದೇ ಗುಂಗಿನಲ್ಲಿದ್ದಾಳೆ. ಶಾರ್ಕ್‌ಗಳ ಇತಿಹಾಸವನ್ನು ಓದಬೇಕು, ಮಕ್ಕಳಿಗೆ ತಿಳಿಸಬೇಕು, ಅವುಗಳ ಸಂರಕ್ಷಣೆಗಾಗಿ ದುಡಿಯಬೇಕು ಎನ್ನುತ್ತಾಳೆ. ಮನೆಯ ಹಿರಿಯರು ನರ್ಸಿಂಗ್‌ಗೆ ಸೇರಿಸೋಣ ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ಹೊಟ್ಟೆಪಾಡು ನಡೆದೀತೇ, ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮೀನುಗಾರಿಕಾ ಸಂಶೋಧಕ, ಕುಂಬಳೆ

ನೀವು ಕೊಟ್ಟ ಅಳತೆಯನ್ನು ನೋಡಿದರೆ ಅದು ಸ್ಕೋಲಿಯೋಡಾನ್ ಎಂಬ ಸಣ್ಣ ಶಾರ್ಕ್ ಇರಬೇಕು. ನಮ್ಮ ದೇಶದ ಪ್ರಾಣಿಶಾಸ್ತ್ರದ ಪಠ್ಯಗಳಲ್ಲಿ ಮಾದರಿ ಮೀನಾಗಿ ಬರುವುದು ಅದೇ. ಅದರ ಮರಿಗಳು ತಾಯಿಯ ಮಾಸಿನಿಂದ ಆಹಾರ ಪಡೆದು ಬೆಳೆದು, ಹುಟ್ಟುವಾಗ 12ರಿಂದ 15 ಸೆಂಟಿಮೀಟರ್ ಉದ್ದವಿರುತ್ತವೆ. ನಿಮ್ಮ ಮಗಳು ಕೇಳಿದ ಪ್ರಶ್ನೆಯೂ ಹೊಸತಲ್ಲ. ಮೆಡಿಟರೇನಿಯನ್ ಸಮುದ್ರದ ಒಂದು ಶಾರ್ಕಿನ ಮರಿ ಹೊಕ್ಕುಳಬಳ್ಳಿಯ ಮೂಲಕ ತಾಯಿಯ ಗರ್ಭಕ್ಕೆ ಅಂಟಿಕೊಂಡಿರುವುದನ್ನು ಅರಿಸ್ಟಾಟಲ್ ಎರಡು ಸಾವಿರ ವರ್ಷಗಳಿಗೂ ಹಿಂದೆ ವರ್ಣಿಸಿದ್ದನು. 1842ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಅದನ್ನು ಪರಿಶೀಲಿಸಿ, ಆ ಮಾತು ನಿಜವೆಂದು ತೋರಿಸಿದನು.

ಹೊಟ್ಟೆಪಾಡಿನ ವಿಷಯದಲ್ಲಿ ಸುಳ್ಳು ಆಸೆ ಹುಟ್ಟಿಸಲಾರೆ. ಶಾರ್ಕಿಗೆಂದೇ ಮೀಸಲಾದ ಕೆಲಸಗಳು ನಮ್ಮಲ್ಲಿ ಬೆರಳೆಣಿಕೆಯಷ್ಟು. ಹೆಚ್ಚಿನವರು ಮೀನುಗಾರಿಕಾ ವಿಜ್ಞಾನಿಗಳಾಗಿ ಸೇರಿ, ಅದರೊಳಗೆ ಶಾರ್ಕನ್ನು ಆರಿಸಿಕೊಂಡವರು. ಅದಕ್ಕೂ ಮೊದಲು ಒಂದೆರಡು ವರ್ಷಗಳ ಗುತ್ತಿಗೆಯ ಯೋಜನೆಗಳಲ್ಲಿ ದುಡಿಯುವ ಕಾಲವೊಂದು ಬರುತ್ತದೆ, ಆಗ ಮನೆಯವರ ಆಸರೆ ಬೇಕಾಗುತ್ತದೆ. ಓದಲು ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಇದೆ. ಕೊಚ್ಚಿಯಲ್ಲಿ ಕೇರಳದ ಮೀನುಗಾರಿಕಾ ವಿಶ್ವವಿದ್ಯಾಲಯವಿದೆ. ಅಲ್ಲಿ ಸೀಟು ಸಿಗದಿದ್ದರೆ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಸಾಗರ ಜೀವಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಬಹುದು. 1947ರಲ್ಲಿ ಸ್ಥಾಪನೆಯಾಗಿ ಈಗ ಕೊಚ್ಚಿಯಲ್ಲಿ ನೆಲೆಸಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕೇಂದ್ರವಿದೆ. ಕೆಲಸವೆಂದರೆ ಸಮುದ್ರದಾಳದಲ್ಲಿ ಮುಳುಗುವುದೇ ಅಲ್ಲ. ಬೆಳಗಿನ ಜಾವ ಬಂದರಿನ ಒದ್ದೆ ನೆಲದ ಮೇಲೆ ಕುಳಿತು, ಏಲಂ ಮುಗಿಯುವುದರೊಳಗೆ ಮೀನಿನ ಉದ್ದವನ್ನು ಅಳೆಯಬೇಕು, ಗಂಡೋ ಹೆಣ್ಣೋ ಎಂದು ಬರೆದುಕೊಳ್ಳಬೇಕು. ಬಳಿಕ ಬೆನ್ನುಮೂಳೆಯ ಮಣಿಯನ್ನು ತೆಳುವಾಗಿ ಕೊಯ್ದು, ಮರದ ಉಂಗುರಗಳನ್ನು ಎಣಿಸುವಂತೆ ಅದರ ಉಂಗುರಗಳನ್ನು ಎಣಿಸಿ ವಯಸ್ಸನ್ನು ಅಂದಾಜು ಮಾಡಬೇಕು.

ಉತ್ತರ: ದೋಣಿ ಮನೆಯವನು, ಉಪ್ಪಳ

ಅಕ್ಕ, ನಾನು ಓದಿದ್ದು ಕಡಿಮೆಯಾದರೂ ಇಪ್ಪತ್ತು ವರ್ಷ ಕಡಲಿಗೆ ಹೋದವನು. ನಾವು ತಾಟೆ ಎನ್ನುವುದನ್ನು ಮಲಯಾಳದವರು ಸ್ರಾವ್ ಎನ್ನುತ್ತಾರೆ, ತಮಿಳರು ಸುರಾ ಎನ್ನುತ್ತಾರೆ. ವನ್ಯಜೀವಿ ಸಂರಕ್ಷಣೆಯ ಕಾನೂನು ಮಾತ್ರ ಒಂದೊಂದು ಜಾತಿಯನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. 2001ರ ಜುಲೈಯಲ್ಲಿ ಎಲ್ಲ ಶಾರ್ಕ್‌ಗಳನ್ನೂ ಚಪ್ಪಟೆ ಮೈಯ ತೊರಕೆ ಮೀನುಗಳನ್ನೂ ಸಂರಕ್ಷಿತ ಪಟ್ಟಿಗೆ ಸೇರಿಸಿದರು, ಮೀನುಗಾರರು ಆಕ್ಷೇಪಿಸಿದ ಮೇಲೆ ಅದೇ ಡಿಸೆಂಬರಿನಲ್ಲಿ ಹತ್ತು ಜಾತಿಗಳಿಗೆ ಇಳಿಸಿದರು, 2022ರ ತಿದ್ದುಪಡಿಯಲ್ಲಿ ಪಟ್ಟಿಯನ್ನು ಮತ್ತೆ ಬೆಳೆಸಿದರು. ಬಲೆಗೆ ಬಿದ್ದ ಮೀನು ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ಬೋಟಿನಲ್ಲಿದ್ದವನಿಗೆ ಅವನದೇ ಮಾತಿನಲ್ಲಿ ಹೇಳುವವರು ಬೇಕು. ಒಮ್ಮೆ ಯಾರೋ ಬಂದು ಇಂಗ್ಲಿಷಿನ ಚಿತ್ರಪಟವೊಂದನ್ನು ಅಂಟಿಸಿ ಹೋದರು; ಅದನ್ನು ಓದಿ ಹೇಳಲು ನಮ್ಮಲ್ಲಿ ಯಾರೂ ಇರಲಿಲ್ಲ. ತುಳು, ಕನ್ನಡ, ಮಲಯಾಳ ಮೂರೂ ಬಲ್ಲ ನಿಮ್ಮ ಮಗಳಂಥವರು ಈ ಕೆಲಸಕ್ಕೆ ಬಂದರೆ ಮೀನಿಗೂ ನಮಗೂ ಒಳ್ಳೆಯದು.

ಗುಜರಾತಿನಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ, ಮಾಂಸಕ್ಕಾಗಿ ಬೇಟೆಯಾಡುತ್ತಿದ್ದರು. 2004ರಿಂದ ನಡೆದ ಪ್ರಚಾರದಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಹೋಲಿಸಿದ ಮೇಲೆ, ಹಿಂದೆ ಹಿಡಿಯುತ್ತಿದ್ದವರೇ ಬಲೆ ಕಡಿದು ಬಿಡತೊಡಗಿದರು. ಅಲ್ಲಿಯ ಸರಕಾರ ಬಲೆಗೆ ಪರಿಹಾರವನ್ನೂ ಕೊಡುತ್ತದೆ. ಬಲೆಯ ಬೆಲೆ ಏನೆಂದು ಬಲ್ಲ ನನಗೆ ಆ ಪರಿಹಾರ ಹೋಲಿಕೆಯಷ್ಟೇ ಮುಖ್ಯವಾಗಿ ಕಾಣುತ್ತದೆ.

ಉತ್ತರ: ಕನ್ನಡ ಶಾಲೆಯ ಅಧ್ಯಾಪಕಿ, ಕಾಸರಗೋಡು

ಇತಿಹಾಸದ ಬಗೆಗೂ ಆಸಕ್ತಿಯಿದೆ ಎಂದು ಬರೆದಿದ್ದೀರಿ. ಯುರೋಪಿನಲ್ಲಿ ಕಲ್ಲಾದ ನಾಲಗೆಗಳೆಂದು ಜನ ನಂಬಿದ್ದ ವಸ್ತುಗಳು ಶಾರ್ಕಿನ ಹಲ್ಲುಗಳೆಂದು, ದೊಡ್ಡ ಶಾರ್ಕೊಂದರ ತಲೆಯನ್ನು ಸೀಳಿ ನೋಡಿದ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೋ 1667ರಲ್ಲಿ ವಾದಿಸಿದನು. ಭೂವಿಜ್ಞಾನದ ಆರಂಭದ ಹೆಜ್ಜೆಗಳಲ್ಲಿ ಅದೂ ಒಂದು. ಅಂತಹ ಹಲ್ಲುಗಳು ತಮಿಳುನಾಡಿನ ಅರಿಯಲೂರಿನ ಬಂಡೆಗಳಲ್ಲಿ, ಈಗ ಸಮುದ್ರದಿಂದ ದೂರವಿರುವ ನೆಲದಲ್ಲಿ, ಸಿಗುತ್ತವೆ.

ನಾನು ತರಗತಿಗೆ ಒಮ್ಮೆ ಒಣಗಿಸಿದ ತಾಟೆಯ ಚರ್ಮವನ್ನು ಕೊಂಡೊಯ್ದಿದ್ದೆ. ತಲೆಯಿಂದ ಬಾಲದ ಕಡೆಗೆ ಸವರಿದರೆ ನಯ, ಹಿಂದಕ್ಕೆ ಸವರಿದರೆ ಮರಳುಕಾಗದ; ಆ ಒರಟಿಗೆ ಕಾರಣ ಹಲ್ಲಿನ ರಚನೆಯೇ ಇರುವ ಸಣ್ಣ ಹುರುಪೆಗಳೆಂದು ಹೇಳಿದಾಗ, ಅದುವರೆಗೆ ಶಾರ್ಕ್ ಎಂದರೆ ಮನುಷ್ಯರನ್ನು ತಿನ್ನುವ ಮೀನು ಎನ್ನುತ್ತಿದ್ದ ಮಕ್ಕಳು ಚರ್ಮವನ್ನು ಕೈಯಿಂದ ಬಿಡಲಿಲ್ಲ. ತೆರೆದ ಸಾಗರದ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇಕಡಾ 71ರಷ್ಟು ಕುಸಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಆ ಸಂಖ್ಯೆಯನ್ನು ನಾನು ಚರ್ಮವನ್ನು ಮುಟ್ಟಿಸಿದ ಮೇಲೆಯೇ ಹೇಳಿದೆ, ಮೊದಲು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಿಮ್ಮ ಮಗಳು ಪದವಿಗೆ ಕಾಯದೆ, ನಮ್ಮ ಕರಾವಳಿಯ ಶಾರ್ಕ್‌ಗಳ ಹೆಸರುಗಳನ್ನು ಮೂರು ಭಾಷೆಗಳಲ್ಲಿ ಚಿತ್ರಸಹಿತ ಬರೆದಿಡಲು ಈಗಲೇ ತೊಡಗಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ಉತ್ತರಗಳನ್ನು ಅವಳ ಅಜ್ಜನಿಗೂ ಓದಿ ಹೇಳಿದೆ. ಗುತ್ತಿಗೆಯ ಕೆಲಸದ ಮಾತು ಬಂದಾಗ ಅವರು ತಲೆಯಾಡಿಸಿದರು, ಹೆಸರುಗಳ ಮಾತು ಬಂದಾಗ ತಾವೇ ನಾಲ್ಕು ಹೆಸರು ಹೇಳಿದರು. ಅವಳು ಅವನ್ನು ಬರೆದುಕೊಂಡಿದ್ದಾಳೆ. ಉಪ್ಪಳದ ಅಣ್ಣನವರಲ್ಲಿ ಒಂದು ಕೋರಿಕೆ: ಬೋಟುಗಳು ಯಾವ ಹೊತ್ತಿಗೆ ದಡಕ್ಕೆ ಬರುತ್ತವೆ ಎಂದು ತಿಳಿಸಿದರೆ, ಶನಿವಾರ ಅವಳನ್ನು ಕರೆದುಕೊಂಡು ನಾನೇ ಬರುತ್ತೇನೆ.