‘ಕರ್ಮ’ ಬರೀ ಕೆಟ್ಟದ್ದಕ್ಕೇ ಯಾಕೆ ಬಳಸ್ತೀವಿ?

ಎಲ್ಲರಿಗೂ ನಮಸ್ಕಾರ. ನಮ್ಮ ಹಾಸನದ ಕಡೆ ಬಸ್ ತಪ್ಪಿದ್ರೆ ‘ಥೂ ನನ್ ಕರ್ಮ’, ಕಣದಲ್ಲಿ ಹರಡಿದ ಕಾಫಿ ಮಳೇಲಿ ನೆಂದ್ರೆ ‘ಏನ್ ಕರ್ಮನಪ್ಪ’, ಟಿವಿಲಿ ಲಂಚದ ಸುದ್ದಿ ಬಂದ್ರೆ ‘ಕರ್ಮಕಾಂಡ’, ಕೊನೆಗೆ ಸತ್ತವರಿಗೆ ಮಾಡೋದೂ ಕರ್ಮನೇ. ಅದೇ ಮಗನಿಗೆ ಒಳ್ಳೆ ಕೆಲಸ ಸಿಕ್ತು ಅಂದವರಿಗೆ ‘ಎಲ್ಲಾ ನಿಮ್ ಕರ್ಮ ಕಣಮ್ಮ’ ಅಂದ್ರೆ ಜಗಳನೇ ಆಗುತ್ತೆ, ಅಲ್ಲಿ ‘ಪುಣ್ಯ’ ಅನ್ಬೇಕು.

ಈ ಪ್ರಶ್ನೆ ಎದ್ದಿದ್ದು ಬೇಲೂರು ಚೆನ್ನಕೇಶವ ದೇವಸ್ಥಾನದ ಶಾಸನದಲ್ಲಿರೋ ‘ಯಂ ಶೈವಾಃ ಸಮುಪಾಸತೇ ಶಿವ ಇತಿ’ ಶ್ಲೋಕದಿಂದ. ಶೈವರು ಶಿವ ಅಂತಾರೆ, ವೇದಾಂತಿಗಳು ಬ್ರಹ್ಮ, ಬೌದ್ಧರು ಬುದ್ಧ, ನೈಯಾಯಿಕರು (ತರ್ಕಶಾಸ್ತ್ರದವರು) ಕರ್ತಾ, ಜೈನರು ಅರ್ಹನ್, ಆಮೇಲೆ ‘ಕರ್ಮೇತಿ ಮೀಮಾಂಸಕಾಃ’, ಅಂದ್ರೆ ಮೀಮಾಂಸಕರು ಕರ್ಮ ಅಂತಾರೆ, ಆ ಕೇಶವನೇ ನಿಮಗೆ ಬೇಕಾದ್ದು ಕೊಡ್ಲಿ ಅಂತ ಅದರ ತಾತ್ಪರ್ಯ. ಇಲ್ಲಿ ಕರ್ಮ ಅಂದ್ರೆ ಹಣೆಬರಹ ಅಂತ ಒಬ್ರು ಅರ್ಥ ಹೇಳ್ತಿದ್ರು, ನನಗೆ ಅದು ಸುತಾರಾಂ ಒಪ್ಪಿಗೆ ಆಗಲಿಲ್ಲ. ಮೀಮಾಂಸಕರು ಅಂದ್ರೆ ವೇದದ ವಿಧಿಗಳ ಅರ್ಥ ವಿಚಾರ ಮಾಡೋ ದರ್ಶನದವರು, ಅವರಿಗೆ ಕರ್ಮ ಅಂದ್ರೆ ವೇದ ಮಾಡು ಅಂತ ಹೇಳಿದ ಕೆಲಸ, ಮುಖ್ಯವಾಗಿ ಯಜ್ಞ. ಯಜ್ಞ ಇವತ್ತೇ ಮುಗಿಯುತ್ತೆ, ಸ್ವರ್ಗ ಸಿಗೋದು ಸತ್ತ ಮೇಲೆ, ಮಧ್ಯದಲ್ಲಿ ಆ ಫಲವನ್ನ ಹಿಡಿದಿಟ್ಟುಕೊಳ್ಳೋದು ಯಾವುದು ಅಂದ್ರೆ ಕರ್ಮದಿಂದಲೇ ಹುಟ್ಟೋ ‘ಅಪೂರ್ವ’ ಅಂತಾರೆ, ಫಲ ಕೊಡೋಕೆ ಬೇರೆ ಈಶ್ವರ ಬೇಕಿಲ್ಲ ಅಂತಾರೆ. ಅದಕ್ಕೇ ಶ್ಲೋಕದಲ್ಲಿ ಉಳಿದವರ ದೇವರು ಕೂತಿರೋ ಜಾಗದಲ್ಲಿ ಇವರ ಕರ್ಮ ಕೂತಿದೆ. ಇಷ್ಟು ದೊಡ್ಡ ಪೀಠದಲ್ಲಿದ್ದ ಪದ ಕಣ್ರೀ ಇದು! ಕರ್ಮಕಾಂಡ ಅನ್ನೋದೂ ವೇದದಲ್ಲಿ ಯಜ್ಞಯಾಗಾದಿ ಹೇಳೋ ಭಾಗದ ಹೆಸರು, ಉಪನಿಷತ್ತಿನ ಭಾಗ ಜ್ಞಾನಕಾಂಡ. ಅದನ್ನ ಹಗರಣಕ್ಕೆ ಅಂಟಿಸಿದ್ದು ನೋಡಿದ್ರೆ ನಿಜಕ್ಕೂ ಬೇಜಾರಾಗುತ್ತೆ.

ಶ್ರವಣಬೆಳಗೊಳಕ್ಕೆ ಹೋಗಿ ಕೇಳಿದ್ರೆ ಇನ್ನೊಂದು ಅರ್ಥ. ಜೈನರಲ್ಲಿ ಕರ್ಮ ಅನ್ನೋದು ಜೀವಕ್ಕೆ ಬಂದು ಅಂಟೋ ಸೂಕ್ಷ್ಮ ಪುದ್ಗಲ, ಅಂದ್ರೆ ಜಡವಸ್ತುವಿನ ಕಣ, ಜ್ಞಾನವನ್ನ ಮುಚ್ಚೋ ಜ್ಞಾನಾವರಣೀಯದಿಂದ ಹಿಡಿದು ಅಡ್ಡಿ ಮಾಡೋ ಅಂತರಾಯದವರೆಗೆ 8 ಬಗೆ. ಒಳಗೆ ಬರೋದು ಆಸ್ರವ, ಅಂಟೋದು ಬಂಧ, ತಡೆಯೋದು ಸಂವರ, ಉದುರಿಸೋದು ನಿರ್ಜರಾ. ಅಲ್ಲಿ ಪುಣ್ಯ ಕೂಡ ಕರ್ಮನೇ, ಅದೂ ಕಟ್ಟಿಹಾಕುತ್ತೆ. ವೇದಾಂತದ ಸಂಚಿತ (ಹಿಂದಿನಿಂದ ಕೂಡಿಟ್ಟ ಕರ್ಮ), ಪ್ರಾರಬ್ಧ (ಅದರಲ್ಲಿ ಈಗ ಫಲ ಕೊಡ್ತಿರೋದು), ಆಗಾಮಿಯಲ್ಲೂ (ಈಗ ಮಾಡಿ ಮುಂದಕ್ಕೆ ಕೂಡಿಸ್ತಿರೋದು) ಒಳ್ಳೇದು ಕೆಟ್ಟದ್ದು ಎರಡೂ ಇದೆ, ಆದ್ರೆ ನಾವು ‘ನನ್ ಪ್ರಾರಬ್ಧ’ ಅನ್ನೋದು ಗೋಳಿಗೆ ಮಾತ್ರ.

ಅಂದ್ರೆ ಕರ್ಮ ಬರೀ ಕೆಟ್ಟದ್ದು ಅಂತ ಇವರ್ಯಾರೂ ಹೇಳಿಲ್ಲ. ನನ್ನ ಊಹೆ ಏನಂದ್ರೆ, ಆಡುಮಾತಲ್ಲಿ ಒಳ್ಳೆ ಫಲವನ್ನೆಲ್ಲ ಪುಣ್ಯ ಅನ್ನೋ ಪದ ತಗೊಂಡುಬಿಡ್ತು, ಕರ್ಮದ ಪಾಲಿಗೆ ಉಳಿದದ್ದು ಕೆಟ್ಟದ್ದಷ್ಟೇ. ‘ಪಾಪ’ ಯಾಕೆ ಆ ಜಾಗ ಹಿಡೀಲಿಲ್ಲ ಅಂದ್ರೆ, ಕನ್ನಡದಲ್ಲಿ ಅದು ‘ಅಯ್ಯೋ ಪಾಪ’ ಅಂತ ಕನಿಕರದ ಕಡೆ ವಾಲಿಬಿಟ್ಟಿದೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ವಯಸ್ಸಾದವರ ಬಾಯಲ್ಲಿ ಕರ್ಮ ಅನ್ನೋದನ್ನ ಒಳ್ಳೆ ಅರ್ಥದಲ್ಲಿ ಕೇಳಿದ್ದೀರಾ? ಕೇಳಿದ್ರೆ ಅವರು ಅಂದ ವಾಕ್ಯವನ್ನ ಹಾಗ್ಹಾಗೇ ಬರೀರಿ. ಕರ್ಮಯೋಗಿ, ಕರ್ಮಭೂಮಿ ಬೇಡ, ಅವು ಭಾಷಣದ ಮಾತು.