ಸ್ಕಾರ್ಮ್ 1.2 ಕೋರ್ಸ್ ಬಿಟ್ಟ ಜಾಗದಿಂದ ಮುಂದುವರಿಯುತ್ತಿಲ್ಲ

ಪ್ರಶ್ನೆ: ಆನ್‌ಲೈನ್ ಕಲಿಕೆಯ ತಂತ್ರಾಂಶವಾದ ಮೂಡಲ್‌ನಲ್ಲಿ ಸ್ಕಾರ್ಮ್ 1.2 (ಕೋರ್ಸ್ ಪ್ಯಾಕೇಜ್ ಮಾಡಿ ಪ್ರಗತಿ ದಾಖಲಿಸುವ ಮಾನದಂಡ) ರೂಪದ ಕಾರ್ಖಾನೆ ಸುರಕ್ಷತೆಯ ಕೋರ್ಸ್ ಇದೆ, 90 ಸ್ಲೈಡ್, ಮಧ್ಯೆ ಮಧ್ಯೆ ಕ್ವಿಜ್. ಅರ್ಧ ದಾಟಿದ ಮೇಲೆ ಮುಚ್ಚಿ ತೆರೆದರೆ ಬಿಟ್ಟ ಜಾಗಕ್ಕಿಂತ ಹಿಂದಿನ ಸ್ಲೈಡಿಗೇ ಹೋಗುತ್ತದೆ. ಆರಂಭದಲ್ಲಿ ಸರಿ ಇರುತ್ತದೆ. ಕಲಿಕೆ ದಾಖಲಿಸುವ ಇನ್ನೊಂದು ಮಾನದಂಡವಾದ ಎಕ್ಸ್‌ಎಪಿಐಗೆ ಹೋಗಲೇಬೇಕಾ?

ಉತ್ತರ 1: ಬೇಡ, ಮೊದಲು ಸಸ್ಪೆಂಡ್ ಡೇಟಾ (ಎಲ್ಲಿ ಬಿಟ್ಟಿರಿ ಎಂಬುದನ್ನು ಕೋರ್ಸ್ ಉಳಿಸುವ ಪಠ್ಯ) ನೋಡಿ. 1.2ರಲ್ಲಿ ಅದರ ಮಿತಿ 4096 ಅಕ್ಷರ. ಪ್ರತಿ ಸ್ಲೈಡ್, ಪ್ರತಿ ಕ್ವಿಜ್ ಉತ್ತರ ಅದರೊಳಗೇ ಸೇರುತ್ತದೆ. ತುಂಬಿದ ಮೇಲೆ ಹೊಸದು ಉಳಿಯುವುದಿಲ್ಲ. ಸ್ಕಾರ್ಮ್ ವರದಿಯಲ್ಲಿ ಒಬ್ಬರ ಪ್ರಯತ್ನದ ವಿವರ ತೆರೆದು ಸಸ್ಪೆಂಡ್ ಡೇಟಾ ಸಾಲಿನ ಉದ್ದ ಎಣಿಸಿ. 4096ರ ಹತ್ತಿರ ನಿಂತಿದ್ದರೆ ಕಾರಣ ಅದೇ. 30 ಸ್ಲೈಡಿನ ಮೂರು ಪ್ಯಾಕೇಜ್ ಮಾಡಿ. ಕಾರ್ಮಿಕರಿಗೂ ಅದೇ ಹಿತ, ಒಮ್ಮೆ ಕೂತರೆ ಒಂದು ಭಾಗ ಮುಗಿಯುತ್ತದೆ.

ಉತ್ತರ 2: ಒಡೆಯಲು ಸಮಯವಿಲ್ಲದಿದ್ದರೆ ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಸ್ಕಾರ್ಮ್ ಸ್ಟ್ಯಾಂಡರ್ಡ್ಸ್ ಮೋಡ್ ಆಫ್ ಮಾಡಿ, ಮೂಡಲ್ ಹೆಚ್ಚು ಅಕ್ಷರ ಉಳಿಸಿಕೊಳ್ಳುತ್ತದೆ. 64,000 ಅಕ್ಷರ ಸಿಗುತ್ತದೆಂದು ಸ್ಕಾರ್ಮ್ 2004 ಆವೃತ್ತಿಯಲ್ಲಿ ಪಬ್ಲಿಷ್ ಮಾಡಬೇಡಿ, ಮೂಡಲ್ ಅದನ್ನು ಪೂರ್ತಿ ಬೆಂಬಲಿಸುವುದಿಲ್ಲ. ಪರೀಕ್ಷಿಸುವಾಗ ಹೊಸ ಪ್ರಯತ್ನವನ್ನೇ ಶುರು ಮಾಡಿ. ಹಳೆಯದರಲ್ಲಿ ತುಂಡಾದ ಡೇಟಾ ಇರುತ್ತದೆ.

ಉತ್ತರ 3: ಎಕ್ಸ್‌ಎಪಿಐ ನಿಜಕ್ಕೂ ಬೇಕಾಗುವುದು ನೆಟ್ ಇಲ್ಲದ ಕಡೆ ಮೊಬೈಲಿನಲ್ಲಿ ಕಲಿಯುವಾಗ, ಅಥವಾ ಕೋರ್ಸಿನ ಹೊರಗಿನ ಅಭ್ಯಾಸವನ್ನೂ ದಾಖಲಿಸಬೇಕಾದಾಗ. ಅದಕ್ಕೆ ಎಲ್‌ಆರ್‌ಎಸ್ ಎಂಬ ದಾಖಲೆ ಸಂಗ್ರಹ ಬೇಕು.