ಸಹಾಯ ಬೇಕು: ಹತ್ತಿ ಹಿಡಿದುಕೊಂಡು ಜಾಗತೀಕರಣ ಹೇಳೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಎಂ.ಎ. ರಾಜ್ಯಶಾಸ್ತ್ರ ಓದುತ್ತಿದ್ದೇನೆ, ಊರು ಹಾವೇರಿ ಹತ್ತಿರ. ಮುಂದಿನ ವಾರ ಹತ್ತು ನಿಮಿಷದ ಸೆಮಿನಾರ್ ಇದೆ. ಜಾಗತೀಕರಣದಿಂದ ಯಾವ ಭಾಗದ ದೇಶಗಳಿಗೆ ಏನಾಯಿತು ಅನ್ನೋದು ವಿಷಯ. ನೋಟ್ಸ್‌ನಲ್ಲಿ ಬರೀ ಲಾಭ, ನಷ್ಟ ಅಂತ ಎರಡು ಪಟ್ಟಿ ಇವೆ. ಸುಮ್ನೆ ಅದನ್ನೇ ಓದೋಕೆ ಮನಸ್ಸಿಲ್ಲ.

ಹೋದ ಸಲ ಅಪ್ಪನ ಜೊತೆ ಹುಬ್ಬಳ್ಳಿ ಎಪಿಎಂಸಿಗೆ ಹತ್ತಿ ತಂದಿದ್ದೆ. ದಲಾಲರು ಅಂಡಿಗೆಗೆ ಕೈ ಹಾಕಿ, ಒಂದು ಹಿಡಿ ಕಿತ್ತು, ಎಳೆ ಜಗ್ಗಿ ನೋಡಿ, "ಹೊರಗ ರೇಟ್ ಬಿದ್ದೈತ್ರಿ ಗೌಡ್ರ" ಅಂದರು. ಆ 'ಹೊರಗ' ಎಲ್ಲಿದೆ ಅಂತ ಹುಡುಕುತ್ತಾ ಹೋದೆ.

ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡೋ ಸಬ್ಸಿಡಿಯಿಂದ ಹೊರಗಿನ ರೇಟ್ ಬೀಳುತ್ತೆ ಅಂತ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. 2014ರಲ್ಲಿ 30 ಕೋಟಿ ಡಾಲರಿಗೆ ರಾಜಿ ಆಯ್ತು. ಹತ್ತಿ ಬೆಳೆಯೋ ಆಫ್ರಿಕಾದ ಬೆನಿನ್, ಬುರ್ಕಿನಾ ಫಾಸೊ, ಚಾಡ್, ಮಾಲಿ 2003ರಲ್ಲಿ ಇದೇ ಗೋಳು ಹೇಳಿಕೊಂಡವು. ಆದರೆ ತಾವಾಗಿ ಕೇಸ್ ಹಾಕಲಿಲ್ಲ. ಬೆನಿನ್, ಚಾಡ್ ಬ್ರೆಜಿಲ್ ಕೇಸಿನಲ್ಲಿ ಮೂರನೇ ಪಕ್ಷವಾಗಿ (ಕೇಸ್ ತಮ್ಮದಲ್ಲ, ಅಭಿಪ್ರಾಯ ಮಾತ್ರ ಹೇಳಬಹುದು) ಕೂತವು, ಅಷ್ಟೇ.

ಬೆಳೆ ಒಂದೇ ಅಲ್ವಾ? ಇವರು ಯಾಕೆ ಹಿಂದೆ ಸರಿದರು? ವಕೀಲರ ಖರ್ಚಾ, ಅಮೆರಿಕದ ನೆರವಿನ ಹಂಗಾ? ನನಗೆ ನೆರವಿನ ಹಂಗೇ ಮುಖ್ಯ ಕಾರಣ ಅನ್ನಿಸುತ್ತೆ, ಆದರೆ ಗೈಡ್ ಮೇಡಂ ಆಧಾರ ಕೇಳುತ್ತಾರೆ. 2001ರಲ್ಲಿ ಸಂಸ್ಥೆ ಸೇರಿದ ಚೀನಾದ ಕಥೆಯನ್ನೂ ಹತ್ತು ನಿಮಿಷದಲ್ಲಿ ಹಿಡಿಸಬೇಕಾ, ಬಿಡಬೇಕಾ?

ಕನ್ನಡದಲ್ಲಿ ಓದೋಕೆ ಏನಾದರೂ ಇದ್ದರೆ ಹೇಳಿ. ಇಂಗ್ಲಿಷ್ ಪಿಡಿಎಫ್ ಆದರೂ ನಡೆಯುತ್ತೆ, ನಾನೂರು ಪುಟದ್ದು ಮಾತ್ರ ಬೇಡ. ಶನಿವಾರದೊಳಗೆ ಸಿಕ್ಕರೆ ದೊಡ್ಡ ಉಪಕಾರ.